ಅಧಿಕೃತ ಸವೆತ

ನಜ್ಮತ್ ಅಲ್ ಖಶಬ್ ಪ್ಯಾಕಿಂಗ್ ಕಂಪನಿಯ ಹದಿನೇಳನೇ ಸುತ್ತೋಲೆಯ ಪ್ರಕಾರ, ಕಂಪನಿಯ ಮರದ ಪೆಟ್ಟಿಗೆಗಳ ಮೇಲಿನ ಇಂಗ್ಲಿಷ್ ಅಕ್ಷರಗಳು ಇನ್ನು ಮುಂದೆ ಮನಬಂದ ಕಡೆ ಸವೆಯುವಂತಿಲ್ಲ. ಸವೆಯಬೇಕಾದ ಜಾಗಗಳನ್ನು ಆಡಳಿತ ಮಂಡಳಿ ಗೊತ್ತುಪಡಿಸಿದೆ. 'ಎ' ಅಕ್ಷರವು ಎಡಗಾಲಿನಲ್ಲಿ ಎರಡು ಕಡೆ ಸವೆಯತಕ್ಕದ್ದು. 'ಜಿ' ಅಕ್ಷರವು ಗದ್ದದ ಬಳಿ ಒಂದು ಕಡೆ ಮಾತ್ರ. 'ಐ' ಅಕ್ಷರವು ಮೊದಲೇ ಸಪೂರವಾಗಿರುವುದನ್ನು ಪರಿಗಣಿಸಿ ಅದಕ್ಕೆ ಈ ವರ್ಷದ ಮಟ್ಟಿಗೆ ವಿನಾಯಿತಿ ನೀಡಲಾಗಿದೆ.

ದುಬೈಯ ಬಂದರು ಜೆಬೆಲ್ ಅಲಿಯ ಮೂರನೇ ನಂಬರ್ ಗೋದಾಮಿನ ಗೋಡೆಗೆ ಈ ಸುತ್ತೋಲೆಯನ್ನು ಅಂಟಿಸಿದ ದಿನ ಅದರೆದುರು ನಿಂತು ಎರಡು ಸಲ ಓದಿದವನು ಗುಣಪಾಲ ಒಬ್ಬನೇ. ಆ ಅಕ್ಷರಗಳು ಅವನವು.

ಗುಣಪಾಲ ಕಾರ್ಕಳದವನು. ವಯಸ್ಸು ಐವತ್ತೇಳು. ಊರಿನ ಪ್ರೆಸ್ಸೊಂದರಲ್ಲಿ ಹದಿನಾರು ವರ್ಷ ಅಚ್ಚಿನ ಮೊಳೆ ಜೋಡಿಸಿದವನು. ಮದುವೆ ಕಾಗದ, ಕಂಬಳದ ನೋಟಿಸು, ಸೊಸೈಟಿಯ ರಶೀದಿ ಪುಸ್ತಕ, ಎಲ್ಲವನ್ನೂ ತಿರುಗುಮುರುಗಾಗಿ ಓದಿ ಜೋಡಿಸಿ, ಸವೆದ ಮೊಳೆ ಯಾವುದು ಮುರಿದ ಮೊಳೆ ಯಾವುದು ಎಂದು ಬೆರಳ ತುದಿಯಲ್ಲೇ ಹೇಳುತ್ತಿದ್ದ. ಕಂಪ್ಯೂಟರ್ ಬಂದ ವರ್ಷ ಮೊಳೆಗಳನ್ನು ಗುಜರಿಗೆ ಹಾಕಿದರು. ಗುಣಪಾಲ ದುಬೈಗೆ ಬಂದ.

ಇಲ್ಲಿ ಅವನಿಗೆ ಸಿಕ್ಕಿದ್ದು, ಹಡಗಿಗೆ ಹೋಗುವ ಪೆಟ್ಟಿಗೆಗಳ ಮೇಲೆ 'ಫ್ರಜೈಲ್' ಎಂದೂ 'ದಿಸ್ ಸೈಡ್ ಅಪ್' ಎಂದೂ ಬ್ರಷ್ಷಿನಲ್ಲಿ ಬರೆಯುವ ಕೆಲಸ. ಒಂದು ವಾರ ಬರೆದ. ನಂತರ ಗೋದಾಮಿನ ಹಿಂದೆ ಬಿಸಾಡಿದ್ದ ಹಲಗೆಯ ತುಂಡುಗಳನ್ನು ಆರಿಸಿ, ಕೋಣೆಗೆ ಕೊಂಡುಹೋಗಿ, ಆರು ರಜಾದಿನ ಕೂತು ಇಪ್ಪತ್ತಾರು ಅಕ್ಷರ, ಹತ್ತು ಅಂಕಿ ಕೆತ್ತಿದ. ಒಂದೊಂದೂ ಅಂಗೈಯಗಲ, ದಪ್ಪ, ಗಟ್ಟಿಮುಟ್ಟು. ರೋಲರಿನಲ್ಲಿ ಕಪ್ಪು ಬಣ್ಣ ಹಚ್ಚಿ ಒತ್ತಿದರೆ ಮುಗಿಯಿತು. ಇಪ್ಪತ್ತೊಂದು ವರ್ಷ ಹಾಗೆಯೇ ಒತ್ತಿದ್ದಾನೆ. ಅಷ್ಟು ವರ್ಷ ಒತ್ತಿದರೆ ಮರ ಸುಮ್ಮನೆ ಇರುತ್ತದೆಯೇ. 'ಜಿ' ಒಮ್ಮೆ ಗೋದಾಮಿನ ಚಾಲಕ ಸಫೀರನ ಫೋರ್ಕ್‌ಲಿಫ್ಟಿನ ಚಕ್ರದಡಿ ಬಿದ್ದು ಗದ್ದ ಕಳೆದುಕೊಂಡಿತು. 'ಇ' ಅಕ್ಷರದ ನಡುಗಡ್ಡಿ ತೆಳ್ಳಗಾಯಿತು. 'ಆರ್' ಚೆನ್ನಾಗಿ ಮೂಡಬೇಕಾದರೆ ಬಲತುದಿಗೆ ಹೆಬ್ಬೆರಳು ಕೊಟ್ಟು ಒತ್ತಬೇಕಾಗಿತ್ತು. ಇದೆಲ್ಲ ಗುಣಪಾಲನ ಕೈಗೆ ಗೊತ್ತಿದ್ದ ವಿಷಯ. ಬೇರೆ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಕೇಳಿದವನು ಅಮೋಘ. ಮೈಸೂರಿನವನು, ಕಂಪನಿಯ ಬ್ರ್ಯಾಂಡ್ ಮ್ಯಾನೇಜರ್. ಕಂಪನಿಗೆ ಇಪ್ಪತ್ತೈದು ತುಂಬಿದ ನೆನಪಿಗೆ ಫೋಟೋ ತೆಗೆಸಲು ಗೋದಾಮಿಗೆ ಬಂದವನು ಒಂದು ಪೆಟ್ಟಿಗೆಯ ಮುಂದೆ ನಿಂತುಬಿಟ್ಟ. ಕಪ್ಪು ಕನ್ನಡಕ ತೆಗೆದ.

"ಅಂಕಲ್, ಈ ಫಾಂಟ್ ಯಾವ್ದು?"

"ಫಾಂಟ್ ಅಲ್ಲ ಸರ್, ಮರದ್ದು," ಎಂದ ಗುಣಪಾಲ.

"ಅದೇ, ಎಲ್ಲಿಂದ ಡೌನ್‌ಲೋಡ್ ಮಾಡಿದ್ರಿ?"

"ಇಲ್ಲೇ ಹಿಂದುಗಡೆಯಿಂದ. ಹಲಗೆಯ ರಾಶಿ ಉಂಟಲ್ಲ, ಅಲ್ಲಿಂದ."

ಅಮೋಘ ಅದನ್ನು ಬರೆದುಕೊಂಡ.

ಮುಂದಿನ ತಿಂಗಳು ಸ್ಟೀಫನ್ ಎಂಬ ಸಲಹೆಗಾರ ಬಂದ. ಎರಡು ವಾರ ಯಾರೊಡನೆಯೂ ಮಾತಾಡದೆ ನಾನೂರು ಪೆಟ್ಟಿಗೆಗಳ ಫೋಟೋ ತೆಗೆದ. ಕೊನೆಯ ದಿನ ಮಾತ್ರ ಗುಣಪಾಲನ ಹೆಸರು ಕೇಳಿ, ಕೇಳಿಸಿದಂತೆ 'ಜಿ. ಪಾಲ್' ಎಂದು ಬರೆದುಕೊಂಡು ಹೋದ. ಹೀಗೆ ಜಿ. ಪಾಲ್ ಬೋಲ್ಡ್ ಎಂಬ ಅಕ್ಷರ ಶೈಲಿ ಹುಟ್ಟಿತು. ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೆ ಸಾಕು, ಯಾರೋ ಬಿಸಿಲಲ್ಲಿ ನಿಂತು ಮರದಚ್ಚು ಒತ್ತಿದ ಹಾಗೆ ಅಲ್ಲಲ್ಲಿ ಬಣ್ಣ ಹಾರಿದ ದಪ್ಪ ಅಕ್ಷರಗಳು ಬರುತ್ತಿದ್ದವು. ಅದರ ಬಳಕೆಯ ನಿಯಮಗಳ ಪುಸ್ತಕಕ್ಕೆ ಎಂಬತ್ತನಾಲ್ಕು ಪುಟ.

ಪುಸ್ತಕ ಅಚ್ಚಾಗುವ ಮೊದಲು ಕಾನೂನು ವಿಭಾಗದವರು, ಈ ಜಿ. ಪಾಲ್ ಯಾರು ಎಂದು ಕೇಳಿದರು. ಎಚ್‌ಆರ್ ವಿಭಾಗದ ಜೋಸ್ಫಿನ್ ದಾಖಲೆಗಳನ್ನೆಲ್ಲ ನೋಡಿ, ಆ ಹೆಸರಿನ ನೌಕರ ಕಂಪನಿಯಲ್ಲಿ ಯಾವ ಕಾಲಕ್ಕೂ ಇರಲಿಲ್ಲ ಎಂದು ಪ್ರಮಾಣಪತ್ರ ಕೊಟ್ಟಳು. ಹಾಗಾಗಿ ಪುಸ್ತಕದಲ್ಲಿ 'ಬಂದರಿನ ಅನಾಮಧೇಯ ಕೈಯೊಂದರಿಂದ ಪ್ರೇರಿತ' ಎಂದು ಸೇರಿಸಲಾಯಿತು. ಆಮೇಲೆ ಜೋಸ್ಫಿನ್ ಒಂದು ನಮೂನೆ ಹಿಡಿದು ಗೋದಾಮಿಗೆ ಬಂದಳು. ಅವಳು ಮಂಗಳೂರಿನವಳು, ಒಳ್ಳೆಯವಳು.

"ಗುಣಪಾಲಣ್ಣ, ಇಲ್ಲಿ ಒಂದು ಸೈನ್ ಬೇಕಿತ್ತು."

"ಎಂತದು ಮೇಡಂ?"

"ನೀವು ಅನಾಮಧೇಯ ಅಂತ ಒಪ್ಪಿಗೆ. ಇಲ್ಲಿ ನಿಮ್ಮ ಪೂರ್ತಿ ಹೆಸರು ಬರೀರಿ, ಇಲ್ಲಿ ತಂದೆ ಹೆಸರು, ಪಾಸ್‌ಪೋರ್ಟ್ ನಂಬರು. ಕೆಳಗೆ ಸೈನು."

ಗುಣಪಾಲ ಪೂರ್ತಿ ಹೆಸರು ಬರೆದು ಅನಾಮಧೇಯನಾದ.

ಜೂನ್ ತಿಂಗಳೊಳಗೆ ಹೊಸ ಅಕ್ಷರ ಎಲ್ಲ ಕಡೆ ಬಂತು. ಲಾರಿಗಳ ಮೇಲೆ, ಬಾಗಿಲುಗಳ ಮೇಲೆ, ಕ್ಯಾಂಟೀನಿನ ಬೋರ್ಡಿನಲ್ಲಿ, ಸಂಬಳದ ಚೀಟಿಯಲ್ಲಿ. ಗೊಂದಲ ತಪ್ಪಿಸಲು ಕಂಪನಿಯ ಎಲ್ಲ ಕಂಪ್ಯೂಟರುಗಳಿಂದ ಉಳಿದ ಅಕ್ಷರ ಶೈಲಿಗಳನ್ನು ತೆಗೆದುಹಾಕಲಾಯಿತು. ಪುಸ್ತಕದ ಒಂಬತ್ತನೇ ಅಧ್ಯಾಯದ ಬಗ್ಗೆ ಅಮೋಘನಿಗೆ ವಿಶೇಷ ಹೆಮ್ಮೆ. ಅದರಂತೆ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಕುಶಲಕರ್ಮಿಯ ಕೈ ಸೋತಿರುತ್ತದೆ. ಆದ್ದರಿಂದ ಪ್ರತಿ ಸಾಲಿನ ಕೊನೆಯ ಅಕ್ಷರವು ನೂರರಲ್ಲಿ ತೊಂಬತ್ತು ಭಾಗ ಸವೆದಿರತಕ್ಕದ್ದು.

"ನನ್ನ ಕೈ ಸೋಲುವುದಿಲ್ಲ ಸರ್," ಎಂದ ಗುಣಪಾಲ. "ರೋಲರಿನಲ್ಲಿ ಪೇಂಟ್ ಮುಗಿಯುವುದು. ಮುಗಿದ ಕೂಡಲೆ ಮತ್ತೆ ಹಚ್ಚುತ್ತೇನೆ."

"ಗೊತ್ತಾಯ್ತು ಅಂಕಲ್. ಆದ್ರೆ ಅದು ಆಗ್ಲೇ ಪ್ರಿಂಟ್ ಆಗ್ಹೋಗಿದೆ."

ಲಾರಿಗಳ ಮೇಲೆ ಬರೆಸಿದ ಫೋನ್ ನಂಬರಿನ ಕೊನೆಯ ಅಂಕಿಯೂ ಈ ನಿಯಮದಂತೆ ಸವೆದಿತ್ತು. ಇದರಿಂದ ಗ್ರಾಹಕರಿಗೆ ಯಾವ ತೊಂದರೆಯೂ ಆಗಲಿಲ್ಲ. ಹತ್ತು ಸಲ ಪ್ರಯತ್ನಿಸಿದರೆ ಒಂದು ಸಲ ಖಂಡಿತ ಸಿಗುತ್ತಿತ್ತು.

ತೊಂದರೆ ಬಂದದ್ದು ಪೆಟ್ಟಿಗೆಗಳಿಗೆ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿರುವ ಪ್ರಧಾನ ಕಚೇರಿಯಿಂದ ಬಂದ ತಪಾಸಣೆಗಾರನೊಬ್ಬ ಪುಸ್ತಕ ಬಿಡಿಸಿ ಹಿಡಿದು, ಭೂತಗನ್ನಡಿ ಇಟ್ಟು, ಗುಣಪಾಲನ ಅಚ್ಚುಗಳನ್ನು ಜಿ. ಪಾಲ್ ಬೋಲ್ಡಿನೊಡನೆ ಹೋಲಿಸಿದ. ಒಂದೂ ತಾಳೆಯಾಗಲಿಲ್ಲ. ಗುಣಪಾಲನ 'ಎ' ಒಂದು ಪೆಟ್ಟಿಗೆಯಲ್ಲಿ ಎಡಗಾಲು ಸವೆದಿದ್ದರೆ ಇನ್ನೊಂದರಲ್ಲಿ ನೆತ್ತಿ ಸವೆದಿತ್ತು. ಮೂರನೆಯದರಲ್ಲಿ ಸವೆದೇ ಇರಲಿಲ್ಲ. ತಪಾಸಣೆಗಾರ ನೂರಾ ಎಂಟು ಪೆಟ್ಟಿಗೆಗಳಿಗೆ ಕೆಂಪು ಚೀಟಿ ಅಂಟಿಸಿ ಗೇಟಿನಲ್ಲಿ ತಡೆದ. ವರದಿಯಲ್ಲಿ, 'ಈ ನೌಕರನಿಗೆ ಜಿ. ಪಾಲ್ ಅವರ ಶೈಲಿಯ ಪ್ರಾಥಮಿಕ ಪರಿಚಯವೂ ಇಲ್ಲ' ಎಂದು ಬರೆದ.

ಹದಿನೇಳನೇ ಸುತ್ತೋಲೆ ಬಂದದ್ದು ಆಗ. ಅದರ ಹಿಂದೆಯೇ ಇಬ್ಬರು ಬಂದು ಮರದ ಅಕ್ಷರಗಳನ್ನು ಎಣಿಸಿ, ಹತ್ತಿಯಲ್ಲಿ ಸುತ್ತಿ, ಇನ್ನಷ್ಟು ಸವೆಯಬಾರದೆಂದು ಪ್ರಧಾನ ಕಚೇರಿಗೆ ಒಯ್ದರು. ಬದಲಿಗೆ ಗುಣಪಾಲನಿಗೆ ಪ್ಲಾಸ್ಟಿಕ್ಕಿನ ಹೊಸ ಸೆಟ್ಟು ಸಿಕ್ಕಿತು. ಕಾರ್ಖಾನೆಯಲ್ಲೇ ಸರಿಯಾದ ಜಾಗದಲ್ಲಿ ಸವೆಸಿ ತಂದಿದ್ದ ಅಕ್ಷರಗಳು. ಕೈಯಲ್ಲಿ ಹಿಡಿದರೆ ಹಗುರ, ನುಣುಪು. ಹೆಬ್ಬೆರಳಿಗೆ ಎಲ್ಲಿ ಒತ್ತಬೇಕೋ ತಿಳಿಯದು. ಗುಣಪಾಲ ಒತ್ತಿದ. ಎರಡು ವಾರಕ್ಕೆ ಅವು ತಮ್ಮಷ್ಟಕ್ಕೆ ತಾವೇ ಬೇರೆ ಕಡೆ ಸವೆಯತೊಡಗಿದವು. ಮತ್ತೆ ಕೆಂಪು ಚೀಟಿ.

ಆ ವಾರ ಪ್ರಧಾನ ಕಚೇರಿಗೆ ಎರಡು ಶಿಫಾರಸುಗಳು ಹೋದವು. ಗುಣಪಾಲನನ್ನು ಕೆಲಸದಿಂದ ತೆಗೆಯಬೇಕು ಎಂದು ತಪಾಸಣೆಗಾರನದು. ಗುಣಪಾಲನನ್ನು ತರಬೇತುದಾರನನ್ನಾಗಿ ಮಾಡಬೇಕು ಎಂದು ಅಮೋಘನದು. ಉತ್ತರವಾಗಿ ಒಂದೇ ಪತ್ರ ಬಂತು, ಜಿ. ಪಾಲ್ ಬೋಲ್ಡಿನಲ್ಲಿ, ಇಂಗ್ಲಿಷಿನಲ್ಲಿ, ಎರಡು ಸಾಲು. ಮೊದಲ ಸಾಲು: 'ಯುವರ್ ಸರ್ವಿಸಸ್ ಆರ್,' ಅದರ ಮುಂದೆ 'ಎನ್', 'ಓ', ಆಮೇಲೆ ಒಂದು ಕಪ್ಪು ಚುಕ್ಕೆ. ಎರಡನೇ ಸಾಲು: 'ರಿಕ್ವೈರ್ಡ್.' ಅದರ ಕೊನೆಯ 'ಡಿ' ಕೂಡ ಸವೆದಿತ್ತು, ಆದರೆ ಅದನ್ನು ಊಹಿಸಬಹುದಿತ್ತು.

ಜೋಸ್ಫಿನ್ ಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇಲ್ಲಿ 'ಟಿ' ಇದ್ರೆ 'ನಾಟ್' ಆಗ್ತದೆ. ನಿಮ್ಮ ಸೇವೆ ಬೇಡ ಅಂತ. 'ಡಬ್ಲ್ಯೂ' ಇದ್ರೆ 'ನೌ' ಆಗ್ತದೆ. ಈಗ ಬೇಕು ಅಂತ."

"ಯಾವುದು ಇದೆ?"

"ಚುಕ್ಕೆ ಇದೆ."

ಅವಳು ಪ್ರಧಾನ ಕಚೇರಿಗೆ ಫೋನು ಮಾಡಿದಳು. ನಿರ್ಣಯ ಐವರ ಸಮಿತಿಯದು. ಇಬ್ಬರಿಗೆ 'ಟಿ' ಎಂದು ನೆನಪು, ಇಬ್ಬರಿಗೆ 'ಡಬ್ಲ್ಯೂ' ಎಂದು ನೆನಪು. ಅಧ್ಯಕ್ಷರಾದ ಜನರಲ್ ಮ್ಯಾನೇಜರ್ ಮೋಹನದಾಸ್ ಅವರು, ಲಿಖಿತ ನಿರ್ಣಯದ ಬಗ್ಗೆ ಬಾಯಿಮಾತಿನಲ್ಲಿ ಏನನ್ನೂ ಹೇಳಲಾಗದು ಎಂದರು. ಸಭೆಯ ನಡಾವಳಿ ಇತ್ತು, ಅದೂ ಜಿ. ಪಾಲ್ ಬೋಲ್ಡಿನಲ್ಲಿ. ಅಲ್ಲಿಯೂ ಸಾಲು ಅದೇ ಅಕ್ಷರಕ್ಕೆ ಮುಗಿದಿತ್ತು. ಟೈಪು ಮಾಡಿದ ಕಡತವನ್ನು ಗೋಪ್ಯತೆಯ ನಿಯಮದಂತೆ ಅಂದೇ ಅಳಿಸಲಾಗಿತ್ತು.

ಸಮಸ್ಯೆ ಗೋದಾಮಿನ ಉಸ್ತುವಾರಿ ಸಫೀರನ ತಲೆಗೆ ಬಂತು. ಗುಣಪಾಲನ ಸೇವೆ ಬೇಡವಾಗಿದ್ದರೆ ಅವನು ಒಳಗೆ ಕಾಲಿಡುವಂತಿಲ್ಲ. ಬೇಕಾಗಿದ್ದರೆ ಹೊರಗೆ ನಿಲ್ಲುವಂತಿಲ್ಲ. ಸಫೀರ್ ಬಂಟ್ವಾಳದವನು, ಮೊದಲು ಫೋರ್ಕ್‌ಲಿಫ್ಟ್ ನಡೆಸುತ್ತಿದ್ದವನು, ಯಾವುದನ್ನಾದರೂ ಎಲ್ಲಿಯಾದರೂ ಇಡಬಲ್ಲವನು. ಅವನು ಒಂದು ಕುರ್ಚಿ ತಂದು ಷಟರಿನ ಗೆರೆಯ ಮೇಲೆ ಸರಿಯಾಗಿ ಇಟ್ಟ. ಎರಡು ಕಾಲು ಒಳಗೆ, ಎರಡು ಕಾಲು ಹೊರಗೆ.

"ಗುಣಪಾಲಣ್ಣ, ಇಲ್ಲಿ ಕೂತುಕೊಳ್ಳಿ. ಯಾರಾದ್ರೂ ಕೇಳಿದ್ರೆ ಇದ್ದೀರಿ. ಯಾರಾದ್ರೂ ಹುಡುಕಿದ್ರೆ ಇಲ್ಲ."

ಗುಣಪಾಲ ಹನ್ನೊಂದು ದಿನ ಅಲ್ಲಿ ಕೂತ. ಒಳಗಿನ ಫ್ಯಾನಿನ ಗಾಳಿ ಎಡಭುಜಕ್ಕೆ, ಹೊರಗಿನ ಬಿಸಿಲು ಬಲಭುಜಕ್ಕೆ. ಮಧ್ಯಾಹ್ನದ ಹೊತ್ತಿಗೆ ಷರ್ಟಿನ ಒಂದು ಭಾಗ ಮಾತ್ರ ಒದ್ದೆಯಾಗಿರುತ್ತಿತ್ತು. ಕೈಗೆ ಕೆಲಸವಿಲ್ಲದೆ ಬೆರಳುಗಳು ತೊಡೆಯ ಮೇಲೆ ತಾವೇ ಏನೋ ಒತ್ತುತ್ತಿದ್ದವು. ಅವನ ಮಗಳು ಸುಪ್ರೀತಾ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು, ಓದು ಮುಗಿಯಲು ಇನ್ನೂ ಎರಡು ವರ್ಷವಿತ್ತು. ಐವತ್ತೇಳರ ವಯಸ್ಸಿನಲ್ಲಿ ವೀಸಾ ಹೋದರೆ ಮತ್ತೊಬ್ಬರು ಕೊಡುವುದಿಲ್ಲ. ಹೆಂಡತಿ ಜಲಜಾಕ್ಷಿ ಫೋನಿನಲ್ಲಿ ಊಟ ಆಯಿತಾ ಎಂದು ಕೇಳಿದರೆ, ಆಯಿತು, ಕೂತೇ ಇದ್ದೇನೆ, ಎನ್ನುತ್ತಿದ್ದ. ಪ್ರಮೋಷನ್ ಆಗಿರಬೇಕೆಂದು ಅವಳು ಅಂದುಕೊಂಡಳು.

ಅತ್ತ ಸಮಿತಿ ತಜ್ಞರ ಅಭಿಪ್ರಾಯ ಪಡೆಯಲು ತೀರ್ಮಾನಿಸಿತು. ಸ್ಟೀಫನನ್ನು ಕೇಳಿದರೆ, ತನ್ನ ಕೆಲಸ ಅಕ್ಷರ ರೂಪಿಸುವುದು, ಓದುವುದು ತನ್ನ ಒಪ್ಪಂದದಲ್ಲಿಲ್ಲ ಎಂದು ತಿಳಿಸಿದ. ಕಂಪನಿಯ ಒಳಗೇ ಯಾರಾದರೂ ಇದ್ದಾರೆಯೇ ಎಂದು ನೋಡಲು ಜೋಸ್ಫಿನ್ ಒಂಬೈನೂರು ನೌಕರರ ಅರ್ಜಿಗಳನ್ನು ತೆಗೆಸಿದಳು. ಇಪ್ಪತ್ತೊಂದು ವರ್ಷದ ಹಿಂದಿನ ಒಂದು ಅರ್ಜಿಯಲ್ಲಿ, ವಿಶೇಷ ಅರ್ಹತೆ ಎಂಬ ಕಡೆ, 'ಸವೆದ, ಮುರಿದ ಮತ್ತು ತಿರುಗುಮುರುಗಾದ ಅಕ್ಷರಗಳನ್ನು ಓದಬಲ್ಲೆ' ಎಂದು ಬರೆದಿತ್ತು. ಅರ್ಜಿದಾರನ ಹೆಸರು ಗುಣಪಾಲ.

ಹೀಗೆ, ಗುಣಪಾಲ ಕೆಲಸದಲ್ಲಿದ್ದಾನೆಯೇ ಇಲ್ಲವೇ ಎಂಬುದನ್ನು ಪರಿಶೀಲಿಸಿ ವರದಿ ಕೊಡಲು ಗುಣಪಾಲನನ್ನು ನೇಮಿಸಲಾಯಿತು.

ಅಬುಧಾಬಿಗೆ ಅವನನ್ನು ಕಂಪನಿಯ ವ್ಯಾನಿನಲ್ಲಿ ಕರೆದುಕೊಂಡು ಹೋದವನು ಸಫೀರ್.

"ಗುಣಪಾಲಣ್ಣ," ಎಂದ ಸಫೀರ್ ಅರ್ಧ ದಾರಿಯಲ್ಲಿ, "ಯೋಚನೆ ಮಾಡ್ಲಿಕ್ಕೆ ಎಂತ ಉಂಟು ಇದ್ರಲ್ಲಿ? 'ಡಬ್ಲ್ಯೂ' ಅಂತ ಹೇಳಿ ಬನ್ನಿ. ಖಲಾಸ್. ಬರುವಾಗ ಎಲ್ಲಿಯಾದ್ರೂ ನಿಲ್ಲಿಸಿ ಬಿರಿಯಾನಿ ತಿನ್ನುವ. ನಿಮಗೆ ವೆಜ್."

"ನೋಡುವ," ಎಂದ ಗುಣಪಾಲ.

"ನೋಡ್ಬೇಡಿ ಮಾರಾಯ್ರೆ. ನೋಡದೆಯೇ ಹೇಳಿ."

ಹಮ್ದಾನ್ ಸ್ಟ್ರೀಟಿನ ಕಚೇರಿಯ ಕೆಳಗಿನ ಹಾಲಿನಲ್ಲಿ ಗಾಜಿನ ಪೆಟ್ಟಿಗೆಯೊಂದಿತ್ತು. ಒಳಗೆ ಕಪ್ಪು ಬಟ್ಟೆಯ ಮೇಲೆ ಅವನ ಅಕ್ಷರಗಳು, ಪ್ರತಿಯೊಂದಕ್ಕೂ ಪುಟ್ಟ ದೀಪ. ಮುಟ್ಟಬಾರದೆಂದು ಬರಹ. ಗುಣಪಾಲ ಒಂದೊಂದನ್ನೇ ನೋಡುತ್ತ ಬಂದು 'ಎಸ್' ಎದುರು ನಿಂತ. ಅದನ್ನು ತಲೆಕೆಳಗಾಗಿ ಇಟ್ಟಿದ್ದರು. 'ಎಸ್' ಅಕ್ಷರದ ಕೆಳಹೊಟ್ಟೆ ತುಸು ದೊಡ್ಡದಿರಬೇಕು. ಅವನು ಹಾಗೆಯೇ ಕೆತ್ತಿದ್ದ. ಈಗ ದೊಡ್ಡ ಹೊಟ್ಟೆ ಮೇಲಿದ್ದು, ಅಕ್ಷರ ಮುಗ್ಗರಿಸುವಂತಿತ್ತು.

"ಇದೊಂದು ತಿರುಗಿಸಿ ಇಡಬಹುದಾ?" ಎಂದು ಅವನು ಕಾವಲುಗಾರ ವಿಕ್ಟರನನ್ನು ಹಿಂದಿಯಲ್ಲಿ ಕೇಳಿದ.

ವಿಕ್ಟರ್ ಹತ್ತಿರ ಬಂದು ನೋಡಿದ. "ನೀವು ಯಾರು?"

ಗುಣಪಾಲ ಬಾಯಿ ತೆರೆದ. ಸಹಿ ಹಾಕಿದ್ದ ನಮೂನೆ ನೆನಪಾಗಿ ಮುಚ್ಚಿದ. "ನೋಡಲು ಬಂದವನು," ಎಂದ.

"ನೋಡಲು ಬಂದವರಿಗೆ ಇದು ಸರಿಯಾಗಿಯೇ ಇದೆ," ಎಂದ ವಿಕ್ಟರ್, ಬೇಸರವಿಲ್ಲದೆ.

ಸಭೆಯ ಕೋಣೆಯಲ್ಲಿ ಐದು ಜನ ಕೂತಿದ್ದರು. ಅಮೋಘ ಮತ್ತು ಜೋಸ್ಫಿನ್ ಗೋಡೆಯ ಪಕ್ಕ. ಮೇಜಿನ ನಡುವೆ ಬಿಳಿ ಬಟ್ಟೆಯ ಮೇಲೆ ಪತ್ರ, ಪಕ್ಕದಲ್ಲಿ ಭೂತಗನ್ನಡಿ. ಮೋಹನದಾಸ್ ಅವರು ಎದ್ದು ನಿಂತು, ವಿಷಯ ತಜ್ಞರನ್ನು ಸಮಿತಿಯ ಪರವಾಗಿ ಸ್ವಾಗತಿಸಿದರು. ತಜ್ಞರು ಯಾವ ಪ್ರಭಾವಕ್ಕೂ ಒಳಗಾಗದೆ, ಸಂಬಂಧಪಟ್ಟ ನೌಕರನ ಬಗ್ಗೆ ಕನಿಕರವನ್ನಾಗಲಿ ದ್ವೇಷವನ್ನಾಗಲಿ ಇಟ್ಟುಕೊಳ್ಳದೆ ಅಭಿಪ್ರಾಯ ನೀಡಬೇಕೆಂದು ಕೋರಿದರು.

"ಆ ನೌಕರರ ಪರಿಚಯ ನಿಮಗಿದೆಯೇ?" ಎಂದು ಒಬ್ಬ ಸದಸ್ಯರು ಕೇಳಿದರು.

"ಸ್ವಲ್ಪ ಉಂಟು," ಎಂದ ಗುಣಪಾಲ.

"ಪರವಾಗಿಲ್ಲ. ನಡಾವಳಿಯಲ್ಲಿ ದಾಖಲಿಸೋಣ."

ಗುಣಪಾಲ ಭೂತಗನ್ನಡಿ ಮುಟ್ಟಲಿಲ್ಲ. ಪತ್ರವನ್ನು ಕೈಗೆತ್ತಿಕೊಂಡು, ಹಳೆಯ ಅಭ್ಯಾಸದಂತೆ ಮಗುಚಿ ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿದ. ಚುಕ್ಕೆ ಕಂಡಿತು. ಅದು ಅಕ್ಷರದ ಜಾಗದ ತೀರಾ ಕೆಳಗಿತ್ತು, ಮತ್ತು ನಟ್ಟನಡುವೆ ಇತ್ತು. 'ಡಬ್ಲ್ಯೂ' ಎರಡು ಪಾದದ್ದು. ಒಂದು ಎಡಕ್ಕೆ, ಒಂದು ಬಲಕ್ಕೆ. ನಡುವೆ ಅದಕ್ಕೆ ಏನೂ ಇಲ್ಲ. 'ಟಿ' ಒಂಟಿಕಾಲಿನದು.

ಅವನು ಪತ್ರವನ್ನು ಇನ್ನೊಮ್ಮೆ ಮಗುಚಿದ. ಎಡಗಡೆ ಏನಾದರೂ ಇದೆಯೇ, ಬಲಗಡೆ ಒಂದು ಧೂಳಿನಷ್ಟಾದರೂ ಕಪ್ಪಿದೆಯೇ ಎಂದು ಹುಡುಕಿದ. ಕಾಗದ ಬೆಳ್ಳಗಿತ್ತು. ಸುಪ್ರೀತಾಳ ಎರಡು ವರ್ಷ ಕಣ್ಣ ಮುಂದೆ ಬಂತು. ವ್ಯಾನಿನಲ್ಲಿ ಕಾಯುತ್ತಿದ್ದ ಸಫೀರ್ ಕೂಡ ಬಂದ. ಆದರೆ ಹದಿನಾರು ವರ್ಷ ಪ್ರೆಸ್ಸಿನಲ್ಲಿ ಅವನು ಓದಿದ ಮೇಲೆ ಮಾಲೀಕರು ಇನ್ನೊಮ್ಮೆ ಓದುತ್ತಿರಲಿಲ್ಲ. ಇದ್ದ ಅಕ್ಷರವನ್ನು ಇಲ್ಲ ಎಂದು ಅವನ ನಾಲಿಗೆ ಹೇಳಿ ಗೊತ್ತೇ ಇರಲಿಲ್ಲ.

"ಇದು 'ಟಿ'," ಎಂದ.

"ಖಚಿತವೇ?" ಎಂದರು ಮೋಹನದಾಸ್.

"ಖಚಿತ. 'ಡಬ್ಲ್ಯೂ'ಗೆ ಮಧ್ಯದಲ್ಲಿ ಕಾಲಿಲ್ಲ."

ಸಮಿತಿಯವರು ಒಬ್ಬೊಬ್ಬರಾಗಿ ಪತ್ರ ನೋಡಿ ತಲೆದೂಗಿದರು. ಚಪ್ಪಾಳೆ ತಟ್ಟಿದರು. ಮೋಹನದಾಸ್ ಅವರು ಗುಣಪಾಲನ ಕೈ ಕುಲುಕಿ, ಇಷ್ಟು ಸೂಕ್ಷ್ಮ ದೃಷ್ಟಿಯ ನೌಕರ ಕಂಪನಿಯಲ್ಲಿ ಇದ್ದದ್ದು ತಮಗೆ ಹೆಮ್ಮೆ ಎಂದರು. 'ಇದ್ದದ್ದು' ಎಂಬ ಮಾತನ್ನು ಮೆಲ್ಲಗೆ ಹೇಳಿದರು. ಪ್ರಶಂಸಾಪತ್ರವನ್ನೂ ವಜಾ ಆದೇಶವನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಕೊಡಲಾಯಿತು. ಜೋಸ್ಫಿನ್ ಕರವಸ್ತ್ರ ತೆಗೆದು ಕನ್ನಡಕ ಒರೆಸಿದಳು. ವ್ಯಾನಿನಲ್ಲಿ ಸಫೀರ್ ಲಕೋಟೆ ನೋಡಿದ. ಆದರೂ ದಾರಿಯಲ್ಲಿ ನಿಲ್ಲಿಸಿ ಬಿರಿಯಾನಿ ಕೊಡಿಸಿದ.

ಮರುವಾರ ಗುಣಪಾಲನ ವೀಸಾ ರದ್ದು ಮಾಡಲು ಜೋಸ್ಫಿನ್ ಕಂಪನಿಯ ಪತ್ರ ಹಿಡಿದು ಸರಕಾರಿ ಅರ್ಜಿಗಳನ್ನು ತುಂಬಿಕೊಡುವ ಅಲ್ ಮುರಕ್ಕಬಾತಿನ ಒಂದು ಟೈಪಿಂಗ್ ಸೆಂಟರಿಗೆ ಹೋದಳು. ಕೌಂಟರಿನಲ್ಲಿದ್ದವರು ಪತ್ರವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ನಿಮ್ಮ ಪ್ರಿಂಟರಿನಲ್ಲಿ ಶಾಯಿ ಮುಗಿದಿದೆ, ಸ್ಪಷ್ಟವಾದ ಪ್ರತಿ ತನ್ನಿ, ಎಂದರು. ಕಂಪನಿ ಹೊಸ ಪತ್ರ ಕೊಟ್ಟಿತು. ಅದೂ ವಾಪಸು ಬಂತು. ಮೂರನೆಯದರ ಜೊತೆಗೆ, ಈ ಸವೆತವು ಅಧಿಕೃತವಾದದ್ದು ಎಂಬ ವಿವರಣೆಯನ್ನು ಅದೇ ಅಕ್ಷರದಲ್ಲಿ ಮುದ್ರಿಸಿ ಕಳಿಸಿತು. ಕೌಂಟರಿನವರು ಅದನ್ನು ಓದಲಾರದೆ, ಮಾಫಿ, ಇಲ್ಲ, ಎಂದು ಕೈಯಾಡಿಸಿ ಮುಂದಿನವರನ್ನು ಕರೆದರು. ಬೇರೆ ಅಕ್ಷರದಲ್ಲಿ ಪತ್ರ ಬರೆಯಲು ಪುಸ್ತಕದಲ್ಲಿ ಅವಕಾಶವಿರಲಿಲ್ಲ. ಹಾಗಾಗಿ ಗುಣಪಾಲನ ವಜಾ ಜಾರಿಯಲ್ಲಿತ್ತು, ವೀಸಾ ಕೂಡ ಜಾರಿಯಲ್ಲಿತ್ತು. ವೀಸಾ ಇರುವವನಿಗೆ ಸಂಬಳ ಕೊಡದಿದ್ದರೆ ತಪ್ಪಾಗುತ್ತದೆಂದು ಕಾನೂನು ವಿಭಾಗ ಎಚ್ಚರಿಸಿತು. ಸಂಬಳವೂ ಜಾರಿಯಲ್ಲಿ ಉಳಿಯಿತು.

ಈ ನಡುವೆ ರಜೆ ಕೇಳಿದ ಚಾಲಕರಿಗೆ, ಕೋಣೆ ಬದಲಿಸಲು ಕೇಳಿದ ಕೆಲಸಗಾರರಿಗೆ, ಬಡ್ತಿ ಕೇಳಿದ ಗುಮಾಸ್ತರಿಗೆ ಪ್ರಧಾನ ಕಚೇರಿಯಿಂದ ಉತ್ತರಗಳು ಬರುತ್ತಲೇ ಇದ್ದವು. ಎಲ್ಲದರ ಸಾಲಿನ ಕೊನೆಯಲ್ಲೂ ಒಂದೊಂದು ಚುಕ್ಕೆ. ಪ್ರಮಾಣಿತ ಓದುಗ ಕಂಪನಿಯಲ್ಲಿ ಒಬ್ಬನೇ. ಸಫೀರ್ ಷಟರಿನ ಗೆರೆಯ ಮೇಲೆ ಕುರ್ಚಿಯ ಮುಂದೆ ಒಂದು ಮೇಜೂ ಇಟ್ಟ. ಮಧ್ಯಾಹ್ನದ ಊಟದ ಹೊತ್ತಿಗೆ ಸರದಿ ನಿಲ್ಲುತ್ತಿತ್ತು. ಗುಣಪಾಲ ಪತ್ರ ಮಗುಚಿ, ಬೆಳಕಿಗೆ ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ. ಬಹಳ ಪತ್ರಗಳಲ್ಲಿ 'ಟಿ' ಇರುತ್ತಿತ್ತು. ಯಾರೂ ಅವನ ಮೇಲೆ ಸಿಟ್ಟಾಗಲಿಲ್ಲ. ತನ್ನನ್ನು ತಾನೇ ತೆಗೆದುಹಾಕಿದ ಮನುಷ್ಯ, ನಮಗೆ ಸುಳ್ಳು ಹೇಳುತ್ತಾನೆಯೇ, ಎಂದುಕೊಂಡು ಹೋಗುತ್ತಿದ್ದರು.

ಅಕ್ಟೋಬರಿನ ಒಂದು ಮಧ್ಯಾಹ್ನ ಸರದಿಯಲ್ಲಿ ಮೋಹನದಾಸ್ ಅವರು ನಿಂತಿದ್ದರು. ಅಬುಧಾಬಿಯಿಂದ ತಾವೇ ಕಾರು ನಡೆಸಿಕೊಂಡು ಬಂದಿದ್ದರು. ಮುಂದಿದ್ದವರು ಜಾಗ ಬಿಟ್ಟರೂ ಒಲ್ಲೆ ಎಂದು ಸರದಿಯಲ್ಲೇ ಬಂದು, ಕಂಪನಿಯ ಮಾಲೀಕರು ಬರೆದ ಪತ್ರವನ್ನು ಮೇಜಿನ ಮೇಲಿಟ್ಟರು. ಅವರ ಕಾಂಟ್ರಾಕ್ಟು ಮುಂದುವರಿದಿದೆಯೋ ಇಲ್ಲವೋ ಎಂಬ ವಿಷಯ.

ಗುಣಪಾಲ ಬೆಳಕಿಗೆ ಹಿಡಿದ.

"ಇದೂ 'ಟಿ' ಸರ್."

"ಇನ್ನೊಮ್ಮೆ ನೋಡ್ತೀರಾ?"

ಗುಣಪಾಲ ಇನ್ನೊಮ್ಮೆ ನೋಡಿದ. ಇನ್ನೊಮ್ಮೆ ನೋಡಬೇಕೆಂದು ಅನ್ನಿಸುವುದು ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು, ಆದ್ದರಿಂದ ಬಹಳ ಹೊತ್ತು ನೋಡಿದ. "'ಟಿ'ಯೇ," ಎಂದ.

ಮೋಹನದಾಸ್ ಸುತ್ತ ಒಮ್ಮೆ ನೋಡಿದರು. "ಇಲ್ಲಿ ಇನ್ನೊಂದು ಕುರ್ಚಿ ಸಿಗಬಹುದೇ?" ಎಂದು ಸಫೀರನನ್ನು ಕೇಳಿದರು. ಸಫೀರ್ ತಂದು ಗೆರೆಯ ಮೇಲೆ ಇಟ್ಟ.

ಒಂದೇ ಬಗೆಯ ಇಬ್ಬರು ನೌಕರರಿದ್ದರೆ ಅವರಿಗೊಂದು ಶ್ರೇಣಿ ಇರತಕ್ಕದ್ದು ಎಂದು ಕಂಪನಿಯ ನಿಯಮ. ಜೋಸ್ಫಿನ್ ಕರಡು ಸಿದ್ಧಪಡಿಸಿದಳು. ಸಮಿತಿ ಅಂಗೀಕರಿಸಿತು. ಇಪ್ಪತ್ತಾರನೇ ಸುತ್ತೋಲೆಯಂತೆ, ವಜಾ ಆಗಿಯೂ ವೀಸಾ ರದ್ದಾಗದ ಸಿಬ್ಬಂದಿಯನ್ನು 'ಪರ್ಮನೆಂಟ್ ಟರ್ಮಿನೇಟೆಡ್ ಸ್ಟಾಫ್', ಅಂದರೆ ಖಾಯಂ ವಜಾ ನೌಕರರು, ಎಂದು ಪರಿಗಣಿಸತಕ್ಕದ್ದು. ಒಮ್ಮೆ ವಜಾ ಆದವರನ್ನು ಮತ್ತೆ ವಜಾ ಮಾಡಲು ಬರುವುದಿಲ್ಲವಾದ್ದರಿಂದ ಇವರಿಗೆ ತಪಾಸಣೆ ಇಲ್ಲ. ಸೇವೆಯೇ ಇಲ್ಲದವರಿಗೆ ನಿವೃತ್ತಿಯ ವಯಸ್ಸೂ ಇಲ್ಲ. ಹಿರಿತನವನ್ನು ವಜಾ ಆದ ತಾರೀಕಿನಿಂದ ಲೆಕ್ಕ ಹಾಕತಕ್ಕದ್ದು.

ಸುತ್ತೋಲೆ ಹೊರಬಿದ್ದ ವಾರದಲ್ಲಿ ಆ ಶ್ರೇಣಿಗೆ ಸೇರಿಸಿಕೊಳ್ಳಬೇಕೆಂದು ನಲವತ್ತು ಅರ್ಜಿ ಬಂದವು. ಅಮೋಘನದೂ ಇತ್ತು. ಜೋಸ್ಫಿನ್ ಅದನ್ನು ತಿರುಗಿಸಿ ಕೊಟ್ಟಳು.

"ಹತ್ತು ವರ್ಷ ಸರ್ವಿಸ್ ಆಗಿರ್ಬೇಕು ಅಮೋಘ. ನಿಮ್ಮದು ಮೂರೇ ಆದದ್ದು."

"ರೆಕಮೆಂಡೇಶನ್ ಇದ್ರೆ?"

"ನನ್ನದೇ ಪೆಂಡಿಂಗ್ ಇದೆ," ಎಂದಳು ಜೋಸ್ಫಿನ್.

ಆ ಭಾನುವಾರ ಜಲಜಾಕ್ಷಿ ಫೋನು ಮಾಡಿದಳು. ಸಫೀರನ ಹೆಂಡತಿಯಿಂದ ಅರ್ಧಂಬರ್ಧ ಸುದ್ದಿ ಊರಿಗೆ ಮುಟ್ಟಿತ್ತು.

"ನಿಮಗೆ ಎಂತದೋ ಕಾಗದ ಬಂದಿದೆಯಂತೆ?"

"ಬಂದಿದೆ. ಪರ್ಮನೆಂಟ್ ಮಾಡಿದ್ದಾರೆ."

ಇಪ್ಪತ್ತೊಂದು ವರ್ಷ, ಪ್ರತಿ ಸಲ ವೀಸಾ ಮುಗಿಯುವ ತಿಂಗಳು ಅವಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

"ಈಗಲಾದ್ರೂ ಮಾಡಿದ್ರಲ್ಲ," ಎಂದಳು ಜಲಜಾಕ್ಷಿ. "ಎಂತ ಪೋಸ್ಟು?"

"ಟರ್ಮಿನೇಟೆಡ್ ಸ್ಟಾಫ್. ಗ್ರೇಡ್ ಒಂದು."

"ಅದು ಮೇಲಿನದ್ದಾ?"

ಗುಣಪಾಲ ಪಕ್ಕದ ಕುರ್ಚಿ ಯಾರದೆಂದು ಯೋಚಿಸಿದ. ತಾರೀಕುಗಳನ್ನೂ ಮನಸ್ಸಿನಲ್ಲೇ ನೋಡಿಕೊಂಡ. ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

"ಜನರಲ್ ಮ್ಯಾನೇಜರ್ ಈಗ ನನಗಿಂತ ಕೆಳಗೆ," ಎಂದ.

ಜಲಜಾಕ್ಷಿ ಮರುದಿನವೇ ಬಸದಿಯಲ್ಲಿ ಅಭಿಷೇಕ ಮಾಡಿಸಿ, ನೆರೆಯ ಏಳು ಮನೆಗಳಿಗೆ ಲಾಡು ಹಂಚಿದಳು.